ಸೋರಿದ್ದು ಹಿಂದೆ, ತೂತು ಮುಂದೆ

ಕಡೂರು, ತರೀಕೆರೆ, ಅಜ್ಜಂಪುರ. ಚಿಕ್ಕಮಗಳೂರು ಜಿಲ್ಲೆಯ ಅಕ್ಕಪಕ್ಕದ ಮೂರು ತಾಲ್ಲೂಕು. ಮಳೆ ಮಾತ್ರ ಮೂರಕ್ಕೂ ಒಂದೇ ಥರ ಅಲ್ಲ. ತರೀಕೆರೆಯಿಂದ ಕೆಮ್ಮಣ್ಣುಗುಂಡಿ ಕಡೆ ತಿರುಗಿದರೆ ಸ್ವಲ್ಪ ಹೊತ್ತಲ್ಲೇ ಮಲೆನಾಡಿನ ಮಳೆ ಶುರು. ಅದೇ ಹೊತ್ತಲ್ಲಿ ಕಡೂರಿನ ತೆಂಗಿನ ತೋಟದವರು ಮೋಡ ನೋಡ್ತಾ ಕೂತಿರ್ತಾರೆ. ಕ್ಯಾರವಾನ್ ಟ್ರೇಲರ್ ಸೋರುತ್ತಾ ಇಲ್ವಾ ಅಂತ ಪರೀಕ್ಷಿಸೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ನಾವು ಹೊರಟಿದ್ದು ಪ್ರವಾಸಕ್ಕೆ, ಪರೀಕ್ಷೆ ತಾನಾಗೇ ಆಯ್ತು.

ಕಾರಿನ ಹಿಂದೆ ಕಟ್ಟಿ ಎಳೆಯುವ ಈ ಪುಟ್ಟ ಮನೆಯನ್ನು ನಾನು, ನನ್ನ ತಮ್ಮ ಸೇರಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು ಅಮ್ಮನಿಗೋಸ್ಕರ. ಮಂಡಿ ನೋವಿನಿಂದ ಅವಳಿಗೆ ಮೆಟ್ಟಿಲು ಹತ್ತೋಕಾಗಲ್ಲ, ದಾರಿ ಬದಿಯ ಶೌಚಾಲಯದಲ್ಲಿ ಕೂರೋಕಾಗಲ್ಲ. ಐದು ವರ್ಷದಿಂದ "ನೀವು ಹೋಗಿ ಬನ್ನಿ" ಅನ್ನೋದೇ ಅವಳ ಉತ್ತರ. ಟ್ರೇಲರ್‌ನಲ್ಲಿ ಅವಳದೇ ಮಂಚ, ಅವಳದೇ ಕಮೋಡ್.

ಮೊದಲ ರಾತ್ರಿ ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಹತ್ತಿರ. ಒಂದು ಹನಿ ಮಳೆ ಇಲ್ಲ, ಆದರೂ ಅಯ್ಯನಕೆರೆಯಲ್ಲಿ ಕಣ್ಣು ತುಂಬುವಷ್ಟು ನೀರು. ಅದು ಬಾಬಾಬುಡನ್‌ಗಿರಿ ಬೆಟ್ಟಗಳಲ್ಲಿ ಬಿದ್ದ ಮಳೆ. ಈ ಕೆರೆ ಕಡೆಯಿಂದ ವೇದಾ, ಮದಗದ ಕೆರೆ ಕಡೆಯಿಂದ ಅವತಿ, ಎರಡೂ ಕಡೂರಿನ ಬಯಲಲ್ಲಿ ಸೇರಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. 1933ರ ನಂತರ 2022ರಲ್ಲಿ ಆ ಜಲಾಶಯ ಮತ್ತೆ ಕೋಡಿ ಹರಿದಾಗ ಹಿರಿಯೂರಿನವರು ಹಬ್ಬ ಮಾಡಿದ್ದು ಎಲ್ಲಿಯದೋ ಮಳೆಗೆ! ನೀರು ಬಿದ್ದ ಜಾಗ ಬೇರೆ, ಕಾಣಿಸಿಕೊಳ್ಳೋ ಜಾಗ ಬೇರೆ.

ಮರುದಿನ ತರೀಕೆರೆ ಹತ್ತಿರದ ಅಮೃತಾಪುರ. 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ದೇವಸ್ಥಾನ. ಎಲ್ಲರೂ ಶಿಲ್ಪ ನೋಡ್ತಾರೆ. ನೀವು ಒಮ್ಮೆ ತಲೆಯೆತ್ತಿ, ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲಿನ ಸೂರನ್ನೂ ನೋಡಿ. ಮಳೆನೀರು ಗೋಡೆಗೆ ಇಳಿಯದೆ ದೂರ ಬೀಳಲಿ ಅನ್ನೋ ಲೆಕ್ಕ ಅದು. ನಮ್ಮ ಟ್ರೇಲರ್‌ಗೆ ಸೂರೇ ಇಲ್ಲ. ಛಾವಣಿಯ ನೀರು ಗೋಡೆ ಮೇಲೇ ಇಳಿದು ಪ್ರತಿ ಸ್ಕ್ರೂ, ಪ್ರತಿ ಕಿಟಕಿ ಚೌಕಟ್ಟನ್ನೂ ಮುಟ್ಟಿಯೇ ಹೋಗಬೇಕು.

ಆ ರಾತ್ರಿ ಲಿಂಗದಹಳ್ಳಿ ಬಳಿ ಜೋರು ಮಳೆ. ಎರಡು ಗಂಟೆಗೆ ಅಮ್ಮ ಎಬ್ಬಿಸಿದಳು. ಹಿಂಭಾಗದ ಮಂಚದ ಮೇಲೆ ಟಪ್ ಟಪ್. ಹಾಸಿಗೆ ಒದ್ದೆ. "ನಾನು ಬೆಳಗ್ಗೆ ಬಸ್ಸಲ್ಲಿ ಊರಿಗೆ ಹೋಗ್ತೀನಿ ಬಿಡು" ಅಂದಳು. ಬೈದಿದ್ದರೆ ಇಷ್ಟು ಬೇಜಾರಾಗ್ತಿರಲಿಲ್ಲ.

ಇಂಥ ಗಾಡಿಯ ಗೋಡೆಯೊಳಗೆ ಇರೋದು ಮರದ ಪಟ್ಟಿ, ಪ್ಲೈವುಡ್. ಸೋರಿಕೆ ಸಿಗದಿದ್ದರೆ ಒಳಗೊಳಗೇ ಕೊಳೆತು, ರಿಪೇರಿ ಖರ್ಚು ಗಾಡಿಯ ಬೆಲೆ ದಾಟುತ್ತೆ. ಹಾಗಾಗಿ ಡೀಬಗ್ ಮಾಡೋ ಹಾಗೆ ಒಂದೊಂದೇ ಅನುಮಾನ ತೆಗೆದೆವು. ಟ್ಯಾಂಕ್ ನೀರಾ? ನಲ್ಲಿಗಳನ್ನೆಲ್ಲ ಮುಚ್ಚಿ ಪಂಪ್ ಆನ್ ಇಟ್ಟೆವು. ಪೈಪ್ ಸೋರಿದರೆ ಪಂಪ್ ಆಗಾಗ ತಾನಾಗೇ ಓಡಬೇಕು. ಓಡಲಿಲ್ಲ. ಉಸಿರಿನ ತೇವವಾ? ಅದಾದರೆ ಕಿಟಕಿ ಗಾಜೆಲ್ಲ ಬೆವರಬೇಕು, ಒಂದೇ ಕಡೆ ತೊಟ್ಟಿಕ್ಕಲ್ಲ. ಉಳಿದಿದ್ದು ಮಳೆ.

ಅಮ್ಮನನ್ನು ಒಪ್ಪಿಸಿ ಅಜ್ಜಂಪುರದ ಚಿಕ್ಕಪ್ಪನ ಮನೆಗೆ ಹೋದೆವು. ಅಮೃತಮಹಲ್ ದನಗಳ ತಳಿ ಕೇಂದ್ರಕ್ಕೆ ಹೆಸರಾದ ಊರು, ಬಿಸಿಲಿಗೆ ಬರ ಇಲ್ಲ. ಅಂಗಳದಲ್ಲಿ ಪೈಪ್ ಕೇಳಿದಾಗ ಚಿಕ್ಕಪ್ಪ, "ನೀರು ಚೆಲ್ಲೋಕೆ ನಮ್ಮೂರೇ ಸಿಕ್ತೇನಪ್ಪಾ?" ಅಂದರು. ಗಾಡಿಯನ್ನು ತೆಂಗಿನ ಬುಡದ ಹತ್ತಿರ ನಿಲ್ಲಿಸಿದ ಮೇಲೇ ಬೋರ್ ಆನ್ ಮಾಡಿದ್ದು.

ನಿಯಮ ಸರಳ. ಕೆಳಗಿನಿಂದ ಮೇಲಕ್ಕೆ ನೀರು ಬಿಡಬೇಕು, ಒಂದು ಜಾಗಕ್ಕೆ ಹತ್ತು ನಿಮಿಷ, ಒಳಗೊಬ್ಬರು ಟಾರ್ಚ್ ಹಿಡಿದಿರಬೇಕು. ಮೊದಲೇ ಮೇಲಿಂದ ಸುರಿದರೆ ಎಲ್ಲ ಒದ್ದೆಯಾಗಿ ಏನೂ ಗೊತ್ತಾಗಲ್ಲ. ಕಿಟಕಿ, ಮೂಲೆ, ಹಿಂದಿನ ಗೋಡೆ, ಮುಂದಿನ ಗೋಡೆ, ಛಾವಣಿಯ ವೆಂಟ್, ಎಲ್ಲ ನೋಡಿದೆವು. ಒಂದು ಹನಿಯೂ ಇಲ್ಲ.

"ಲಿಂಗದಹಳ್ಳೀಲಿ ಗಾಡಿ ಹೆಂಗ್ ನಿಂತಿತ್ತು?" ಚಿಕ್ಕಪ್ಪ ಕೇಳಿದರು.

ಇಳಿಜಾರಲ್ಲಿ, ಮೂತಿ ಮೇಲೆ ಮಾಡಿಕೊಂಡು! ಜ್ಯಾಕ್ ತಿರುಗಿಸಿ ಮುಂಭಾಗ ಎತ್ತಿ ಮತ್ತೆ ಶುರು ಮಾಡಿದೆವು. ಮುಂದಿನ ಗೋಡೆಯ ತುದಿಯಲ್ಲಿರೋ ಪುಟ್ಟ ದೀಪಕ್ಕೆ ನೀರು ಬಿಟ್ಟು ಏಳನೇ ನಿಮಿಷಕ್ಕೆ ಒಳಗಿಂದ ತಮ್ಮ ಕೂಗಿದ, "ಬಂತು!" ಹಿಂದಿನ ಮಂಚದ ಮೇಲೆ. ದೀಪದ ವೈರ್ ಹೋಗೋ ತೂತಲ್ಲಿ ಹಳೇ ಸಿಲಿಕೋನ್ ಬಿರುಕುಬಿಟ್ಟಿತ್ತು. ನೀರು ಛಾವಣಿಯೊಳಗೆ ವೈರ್ ಗುಂಟ ಇಡೀ ಗಾಡಿಯ ಉದ್ದಕ್ಕೂ ಹರಿದು ಬರ್ತಿತ್ತು.

"ಭದ್ರೆ ನೀರೂ ಹಂಗೇ ಅಲ್ವೇನಪ್ಪಾ, ಗುಡ್ಡದೊಳಗಿಂದ?" ಅಂದರು ಚಿಕ್ಕಪ್ಪ. ಭದ್ರಾ ಮೇಲ್ದಂಡೆ ಯೋಜನೆಗೆ ಅಜ್ಜಂಪುರದ ಬಳಿ ಕೊರೆದ ಸುಮಾರು 7 ಕಿ.ಮೀ. ಸುರಂಗದ ಮಾತು. ತರೀಕೆರೆ ಕಡೆಯ ನೀರು ಚಿತ್ರದುರ್ಗ, ತುಮಕೂರು ಕಡೆಗೆ ಹೋಗೋ ದಾರಿ ಅದು.

ರಿಪೇರಿ ಅರ್ಧ ದಿನದ ಕೆಲಸ. ಹಳೇ ಸಿಲಿಕೋನ್ ಪೂರ್ತಿ ಕೆರೆದು ತೆಗೆಯಬೇಕು, ಅದರ ಮೇಲೆ ಹೊಸದು ಹಿಡಿಯಲ್ಲ. ಜಾಗ ಒಣಗಿಸಿ, ದೀಪದ ಕೆಳಗೆ ಬ್ಯೂಟೈಲ್ ಟೇಪ್ ಇಟ್ಟು ಸ್ಕ್ರೂ ಬಿಗಿದೆವು. ಪ್ಲೈವುಡ್ಡನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿದರೆ ಗಟ್ಟಿಯಾಗೇ ಇತ್ತು. ಎರಡು ದಿನ ಅಜ್ಜಂಪುರದ ಒಣಗಾಳಿಗೆ ಬಿಟ್ಟು, ಮತ್ತೆ ಮೂತಿ ಎತ್ತಿ ನೀರು ಬಿಟ್ಟೆವು. ಒಳಗೆ ಒಣಗಿದ್ದು ಒಣಗಿದ ಹಾಗೇ ಇತ್ತು.

ನಿಮ್ಮ ಫ್ಲ್ಯಾಟಿನ ಸೀಲಿಂಗ್ ಸೋರಿದರೂ ಇದೇ ಲೆಕ್ಕ. ಹನಿ ಬಿದ್ದ ಜಾಗಕ್ಕೆ ಬಳಿಯೋಕೆ ಹೋಗಬೇಡಿ, ನೀರಿನ ಇಳಿಜಾರು ಹಿಡಿದು ಹಿಂದಕ್ಕೆ ನಡೀರಿ. ಅಮ್ಮ ಆಮೇಲೆ ಬಸ್ಸಿನ ಮಾತೆತ್ತಿಲ್ಲ. ಮುಂದಿನ ಸಲ ಲಕ್ಕವಳ್ಳಿಯ ಭದ್ರಾ ಡ್ಯಾಮ್ ನೋಡಬೇಕಂತೆ, ಅದೂ ಮಳೆಗಾಲದಲ್ಲೇ.