ರಜೆಯೂ ವಿಶ್ರಾಂತಿಯೂ

ದಸರಾ ಸಮೀಪಿಸಿತೆಂದರೆ ಮೈಸೂರಿನ ಮನೆಮನೆಗೂ ನೆಂಟರ ಆಗಮನವಾಗುತ್ತದೆ. ವಾಚಕ ಮಹಾಶಯರಲ್ಲಿ ಅನೇಕರು, ಅದರಲ್ಲಿಯೂ ಇಲ್ಲಿನ ವಿದ್ಯಾರ್ಥಿನಿಲಯಗಳಲ್ಲಿದ್ದು ಓದಿ ಈಗ ದೂರದ ಊರುಗಳಲ್ಲಿ ಉದ್ಯೋಗದಲ್ಲಿರುವವರು, ಈ ರಜೆಗಾಗಿಯೇ ಕಾದಿದ್ದು ಬರುತ್ತೀರಿ. ಅರಮನೆ, ವಸ್ತುಪ್ರದರ್ಶನ, ಮೃಗಾಲಯ, ಕನ್ನಂಬಾಡಿ, ನಂಜನಗೂಡು, ಸುತ್ತೂರು ಎಲ್ಲವನ್ನೂ ನಾಲ್ಕು ದಿನಗಳಲ್ಲಿ ಮುಗಿಸಿ, ಬಂದಾಗಿನದಕ್ಕಿಂತ ಹೆಚ್ಚು ಬಳಲಿ ಹಿಂತಿರುಗುತ್ತೀರಿ. ನೋಡುವುದು ತಪ್ಪೆಂದು ನಾನು ಹೇಳಲಾರೆ. ಆದರೆ ಅದಕ್ಕೆ ವಿಶ್ರಾಂತಿಯೆಂಬ ಹೆಸರು ಸಲ್ಲದು.

ಸುಮ್ಮನೆ ಮಲಗಿರುವುದಕ್ಕೂ ಆ ಹೆಸರು ಸಲ್ಲದು. ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ಬೆಂಗಳೂರಿನಿಂದ ಹತ್ತು ದಿನ ರಜೆ ಹಾಕಿ ಸಂಸಾರಸಮೇತ ಬಂದನು. ಅವನದು ಲೆಕ್ಕಪತ್ರದ ಕೆಲಸ. ತಿಂಗಳುಗಳಿಂದ ನಿದ್ರೆ ಕೆಟ್ಟಿತ್ತು. ನಲವತ್ತೆರಡನೆಯ ವಯಸ್ಸಿಗೇ ರಕ್ತದೊತ್ತಡದ ಮಾತ್ರೆ ಆರಂಭವಾಗಿತ್ತು. ಮೊದಲ ಮೂರು ದಿನ ಕೈಯಲ್ಲಿ ಮೊಬೈಲು ಹಿಡಿದು ಹಾಸಿಗೆಯಲ್ಲಿಯೇ ಇದ್ದನು. ಶರೀರವು ಮಂಚದ ಮೇಲಿತ್ತು, ಮನಸ್ಸು ಕಚೇರಿಯ ಕಡತಗಳಲ್ಲಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಅಂಗಳದಲ್ಲಿ ತಿರುಗಾಡುವುದು ತಪ್ಪಲಿಲ್ಲ. ಅವನ ಹೆಂಡತಿ ಕಣ್ಣೀರಿಟ್ಟುದನ್ನು ಕಂಡು ನಮಗೂ ದಿಗಿಲಾಯಿತು.

ನಾಲ್ಕನೆಯ ದಿನ ನಸುಕಿನಲ್ಲಿ ಅವನನ್ನು ಕುಕ್ಕರಹಳ್ಳಿ ಕೆರೆಗೆ ಕರೆದೊಯ್ದೆನು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆಯಿದು. ಕುವೆಂಪು ಅವರು ವಾಯುಸೇವನೆಗೆ ಬರುತ್ತಿದ್ದುದೂ ಇಲ್ಲಿಗೇ. ಮೊಬೈಲು ಮನೆಯಲ್ಲಿಯೇ ಇರಬೇಕು, ಮಾತು ಬೇಡ ಎಂಬುದಿಷ್ಟೇ ನನ್ನ ಕಟ್ಟಳೆ. ಮೊದಲ ದಿನ ಯಾರೋ ಅಟ್ಟಿಸಿಕೊಂಡು ಬಂದವರಂತೆ ನಡೆದನು. ಮರುದಿನ ಮರಗಳ ನೆರಳಿನಲ್ಲಿ ನಿಂತು ಹೆಜ್ಜಾರ್ಲೆಗಳನ್ನೂ ನೀರುಕಾಗೆಗಳನ್ನೂ ಎಣಿಸತೊಡಗಿದನು. (ಎಣಿಸುವ ಚಾಳಿ ಲೆಕ್ಕಿಗನನ್ನು ಎಲ್ಲಿಯೂ ಬಿಡದು!)

ನಡೆದು ಬಂದ ಮೇಲೆ ಶವಾಸನ. ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸತೊಡಗಿದರು. ಮರುವರ್ಷವೇ ‘ಯೋಗ ಮಕರಂದ’ವನ್ನು ಕನ್ನಡದಲ್ಲಿ ಹೊರತಂದರು. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸರು ಅವರ ಶಿಷ್ಯರೇ. ವಿದೇಶಿಯರು ಸಮುದ್ರ ದಾಟಿ ಈ ಊರಿಗೆ ಯೋಗ ಕಲಿಯಲು ಬರುತ್ತಾರೆ. ನಮ್ಮವರು ಬಂದರೆ ಸೀರೆಯಂಗಡಿಗೆ ಓಡುತ್ತಾರೆ!

ಶವಾಸನ ನೋಡಲು ಸುಲಭ. ಚಾಪೆಯ ಮೇಲೆ ಅಂಗಾತ ಮಲಗಿ, ಕಾಲುಗಳನ್ನು ತುಸು ಅಗಲಿಸಿ, ಅಂಗೈಗಳನ್ನು ಮೇಲ್ಮುಖವಾಗಿರಿಸಿ, ಪಾದದಿಂದ ಹಣೆಯವರೆಗೆ ಒಂದೊಂದು ಅಂಗವನ್ನೂ ಸಡಿಲಿಸುತ್ತ ಬರಬೇಕು. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನಿಸಬೇಕು. ಉಸಿರು ಬಿಡುವಾಗ ಹೃದಯದ ಬಡಿತ ತುಸು ಮಂದವಾಗುವುದು ಶರೀರದ ಸ್ವಭಾವ. ಕೈಕಾಲುಗಳು ಬೇಗ ಮಾತು ಕೇಳುತ್ತವೆ. ದವಡೆ ಮತ್ತು ಭುಜಗಳು ಕೇಳುವುದಿಲ್ಲ. ಚಿಂತೆ ಅಲ್ಲಿ ಮನೆ ಮಾಡಿಕೊಂಡಿರುತ್ತದೆಂದು ನನ್ನ ಅನುಭವ. ಕಾಲು ಗಂಟೆಯಾದರೂ ಕೊಡದೆ ಫಲವಿಲ್ಲ.

ಭಾನುವಾರ ಹರಳೆಣ್ಣೆ ತೀಡಿ, ಹಂಡೆಯ ಬಿಸಿನೀರು, ಸೀಗೇಪುಡಿಯ ಸ್ನಾನವಾಯಿತು. ಆ ರಾತ್ರಿ ಒಂಬತ್ತೂವರೆಗೆ ಮಲಗಿದವನು ಬೆಳಗಿನ ಧ್ವನಿವರ್ಧಕದ ಆರ್ಭಟಕ್ಕೂ ಏಳಲಿಲ್ಲ. ಮಾತ್ರೆಯನ್ನು ಬಿಡಲು ಮಾತ್ರ ನಾವು ಹೇಳಲಿಲ್ಲ. ಅದು ವೈದ್ಯರಿಗೆ ಸೇರಿದ ವಿಷಯ.

ಇನ್ನೊಂದು ಸಂಗತಿ. ಮನೆಯಲ್ಲಿ ನೆಂಟರಿದ್ದಾಗ ಅಡಿಗೆಮನೆಗೆ ರಜೆಯಿರುವುದಿಲ್ಲ. ನಾವು ಕೆರೆಯಿಂದ ಮರಳುವ ವೇಳೆಗೆ ನನ್ನ ಪತ್ನಿ ಏಳು ಮಂದಿಗೆ ತಿಂಡಿ ಸಿದ್ಧಪಡಿಸಿ ಮಧ್ಯಾಹ್ನದ ತರಕಾರಿ ಹೆಚ್ಚುತ್ತಿದ್ದಳು. ನಿದ್ರೆ ಮರಳಿದ ಆ ಬೆಳಿಗ್ಗೆ ತಮ್ಮ ಅವಳನ್ನು ನೋಡಿ, “ಅತ್ತಿಗೆ, ನಿಮ್ಮ ರಜೆ ಯಾವಾಗ?” ಎಂದು ಕೇಳಿದನು. ಅವಳು ನಕ್ಕಳೇ ಹೊರತು ಉತ್ತರ ಕೊಡಲಿಲ್ಲ.

ಉಳಿದ ದಿನಗಳ ಬೆಳಗಿನ ತಿಂಡಿಯನ್ನು ಗಂಡಸರು ವಹಿಸಿಕೊಂಡೆವು. ಉಪ್ಪಿಟ್ಟು ಗಂಟುಗಂಟಾಯಿತು. ಓರಗಿತ್ತಿಯರಿಬ್ಬರೂ ಕೆರೆಯ ದಾರಿಯಲ್ಲಿ ನಡೆದು, ಹೋಟೆಲಿನಲ್ಲಿ ಕಾಫಿ ಕುಡಿದು, ಎಂಟೂವರೆಗೆ ಹಿಂತಿರುಗಿದರು.