ಬರಿಗಾಲು, ಸಕ್ಕರೆ ಕಾಯಿಲೆ ಮತ್ತು ಮಳೆಗಾಲದ ಜ್ವರ

ಮಳೆಗಾಲದ ಜ್ವರ ನಮ್ಮ ಶಿವಮೊಗ್ಗದವರಿಗೆ ಹೊಸದಲ್ಲ. ಇಲಿಜ್ವರದ ಹೆಸರನ್ನು ಕೇಳದವರಿಲ್ಲ. ಮಂಗನ ಕಾಯಿಲೆ ಜಗತ್ತಿಗೆ ಮೊದಲು ಗೊತ್ತಾದದ್ದೂ 1957ರಲ್ಲಿ, ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಆದರೆ ಮೆಲಿಯಾಯ್ಡೋಸಿಸ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಭದ್ರಾವತಿಯ ನನ್ನ ಖಾಲು ಹಾಸಿಗೆ ಹಿಡಿದಾಗ.

ಖಾಲುವಿಗೆ ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಭದ್ರಾ ನಾಲೆಯ ಕೆಳಗೆ ಗದ್ದೆ. ಹಿಮ್ಮಡಿ ಒಡೆದಿದ್ದರೂ ನಾಟಿಯ ದಿನಗಳಲ್ಲಿ ಬರಿಗಾಲಲ್ಲೇ ಕೆಸರಿಗೆ ಇಳಿಯುತ್ತಿದ್ದರು. ಆ ವರ್ಷ ಹಿಡಿದ ಜ್ವರ ಬಿಡಲಿಲ್ಲ. ಕೆಮ್ಮು ಬಂತು, ತೂಕ ಇಳಿಯಿತು. ಒಂದು ಕಡೆ ಎಕ್ಸ್‌ರೇ ನೋಡಿ ಕ್ಷಯವೆಂದು ಮಾತ್ರೆ ಕೊಟ್ಟರು. ನೆಂಟರು ಬರುವುದು ನಿಂತಿತು. ಅವರ ತಟ್ಟೆ, ಲೋಟ ಬೇರೆಯಾಯಿತು. ಎರಡು ತಿಂಗಳಾದರೂ ಗುಣವಿಲ್ಲ, ಮೊಣಕಾಲು ಬಾತುಕೊಂಡಿತು. ಮಣಿಪಾಲಕ್ಕೆ ಕರೆದೊಯ್ದು, ಕೀವನ್ನು ಕಲ್ಚರ್ ಪರೀಕ್ಷೆ ಮಾಡಿಸಿದ ಮೇಲೆಯೇ ನಿಜವಾದ ರೋಗ ತಿಳಿದದ್ದು.

ಈ ರೋಗದ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಕೆಸರು ನೀರಿನಲ್ಲಿ ಇರುತ್ತದೆ. ಚರ್ಮದ ಗಾಯದಿಂದ, ಉಸಿರಿನಿಂದ ಅಥವಾ ಕಲುಷಿತ ನೀರಿನಿಂದ ಒಳಹೊಗುತ್ತದೆ. ಮಳೆಗಾಲದಲ್ಲಿ ಹೆಚ್ಚು. ಕೆಸರು ತುಳಿದವರಿಗೆಲ್ಲ ಇದು ಬರುವುದಿಲ್ಲ. ರೋಗಿಗಳಲ್ಲಿ ಸುಮಾರು ಅರ್ಧಕ್ಕಿಂತ ಹೆಚ್ಚು ಮಂದಿ ಸಕ್ಕರೆ ಕಾಯಿಲೆಯವರು. ಮೂತ್ರಪಿಂಡ, ಯಕೃತ್ತು, ಶ್ವಾಸಕೋಶದ ದೀರ್ಘಕಾಲದ ಕಾಯಿಲೆ ಇದ್ದವರಿಗೂ ಮದ್ಯವ್ಯಸನಿಗಳಿಗೂ ಅಪಾಯ ಹೆಚ್ಚು. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ಅತಿ ವಿರಳ. ಎಂದರೆ, ಖಾಲುವಿನ ಲೋಟವನ್ನು ಬೇರೆ ಇಡುವ ಅಗತ್ಯವೇ ಇರಲಿಲ್ಲ!

1912ರಲ್ಲಿ ರಂಗೂನಿನ ವೈದ್ಯರಾದ ವಿಟ್‌ಮೋರ್ ಮತ್ತು ಕೃಷ್ಣಸ್ವಾಮಿ ಇದನ್ನು ಮೊದಲು ವರದಿ ಮಾಡಿದರು. 2016ರ ಒಂದು ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 1,65,000 ಮಂದಿಗೆ ಇದು ತಗಲುತ್ತದೆ, 89,000 ಮಂದಿ ಸಾಯುತ್ತಾರೆ. ಕ್ಷಯದಂತೆ, ನ್ಯುಮೋನಿಯಾದಂತೆ ವೇಷ ಹಾಕಿ ಬರುವುದರಿಂದ ಗುರುತಿಸುವುದು ಕಷ್ಟ. ಕ್ಷಯದ ಮಾತ್ರೆಗೆ ಇದು ಬಗ್ಗುವುದಿಲ್ಲ. ಮೊದಲು ಕನಿಷ್ಠ 10ರಿಂದ 14 ದಿನ ರಕ್ತನಾಳಕ್ಕೆ ಇಂಜೆಕ್ಷನ್, ಬಳಿಕ ಸುಮಾರು ಮೂರು ತಿಂಗಳು ಮಾತ್ರೆ. ನಡುವೆ ಬಿಟ್ಟರೆ ರೋಗ ಮರಳುತ್ತದೆ. ಖಾಲಾ ಪ್ರತಿದಿನ ಫಜ್ರ್ ನಮಾಝಿನ ನಂತರ ಮಾತ್ರೆ ಎಣಿಸಿ ಕೊಟ್ಟರು. ಅಲ್‌ಹಮ್ದುಲಿಲ್ಲಾಹ್, ಖಾಲು ಎದ್ದು ನಡೆದರು.

ಸಹೋದರಿಯರೇ, ಮನೆಯ ಹಿರಿಯರ ಕಾಲನ್ನು ನೋಡುವವರು ನಾವೇ. ಸಕ್ಕರೆ ಕಾಯಿಲೆಯವರ ಕಾಲ್ಬೆರಳ ಸಂದು, ಹಿಮ್ಮಡಿಗಳನ್ನು ದಿನವೂ ನೋಡಿ. ಗದ್ದೆ, ತೋಟಕ್ಕೆ ಹೊರಟರೆ ಬೂಟು ಹಾಕಿಸಿ. ಗಾಯವಿದ್ದರೆ ಕೆಸರಿಗೆ ಇಳಿಯಲು ಬಿಡಬೇಡಿ. ಗಾಯಕ್ಕೆ ನೀರು ತಾಗಬಾರದೆಂದು ವೈದ್ಯರು ಹೇಳಿದರೆ ವುಝೂ ಮಾಡುವಾಗ ಪಟ್ಟಿಯ ಮೇಲೆ ಒದ್ದೆ ಕೈ ಸವರುವ ರಿಯಾಯಿತಿ ದೀನಿನಲ್ಲಿದೆ. ಸಂಕೋಚವೇಕೆ? ಜ್ವರ ವಾರ ದಾಟಿದರೆ, ಸಕ್ಕರೆ ಕಾಯಿಲೆ ಇದೆ, ಗದ್ದೆ ಕೆಲಸ ಮಾಡುತ್ತಾರೆ ಎಂದು ವೈದ್ಯರಿಗೆ ಹೇಳಿ. ಕಲ್ಚರ್ ಪರೀಕ್ಷೆ ಬೇಕೇ ಎಂದು ಕೇಳಿ.

ಅಲ್ಲಾಹನು ಔಷಧಿಯಿಲ್ಲದ ರೋಗವನ್ನು ಇಳಿಸಿಲ್ಲ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ರೋಗದಲ್ಲಿ ಸಹನೆ ಬೇಕು, ನಿಜ. ಆದರೆ ಗಾಯವನ್ನು ಕಡೆಗಣಿಸುವುದಕ್ಕೆ ಸಹನೆ ಎಂದು ಹೆಸರಿಡುವುದು ಬೇಡ.