ವರ್ದಿ, ವರದಿ

ಮುಂಬೈ ಅಗ್ನಿಶಾಮಕ ದಳದವರ ಮರಾಠಿಯಲ್ಲಿ ‘ವರ್ದಿ’ ಎಂದರೆ ಸಮವಸ್ತ್ರವಲ್ಲ, ಸುದ್ದಿ. ‘ವರ್ದಿ ಮಿಳಾಲಿ’ ಎಂದರೆ ಎಲ್ಲಿಂದಲೋ ಕರೆ ಬಂತು ಎಂದರ್ಥ. ಹಿಂದಿಯವರಿಗೆ ಗೊಂದಲವಾದೀತು, ನಮಗೆ ಆಗಬೇಕಿಲ್ಲ. ನಮ್ಮ ‘ವರದಿ’ಯೇ ಅದು. ಕಚೇರಿಯ ಕಡತಗಳಲ್ಲಿ ಸವೆದು ಸಪ್ಪೆಯಾದ ಈ ಪದಕ್ಕೆ ಎಷ್ಟು ಜೀವವಿದೆ ಎಂದು ತಿಳಿದದ್ದು ನಮ್ಮ ಸೊಸೈಟಿಯಲ್ಲಿ ಫೈರ್ ಡ್ರಿಲ್ ನಡೆದ ಭಾನುವಾರ.

ನಮ್ಮ ಕಣ್ಣಿಗೆ ಅಗ್ನಿಶಾಮಕ ದಳವೆಂದರೆ ಗಂಟೆ ಬಾರಿಸುತ್ತ ಓಡುವ ಒಂದು ಕೆಂಪು ಗಾಡಿ. ಡ್ರಿಲ್‌ಗೆ ಬಂದಿದ್ದ ಅಧಿಕಾರಿ ಆ ಚಿತ್ರವನ್ನು ಬಿಡಿಸಿ ತೋರಿಸಿದರು. ಎತ್ತರದ ಮಹಡಿಗೆ ಬೇಕಾದದ್ದು ಉದ್ದನೆಯ ಏಣಿಯ ಗಾಡಿ. ಹೊಗೆ ತುಂಬಿದ ನೆಲಮಾಳಿಗೆಗೆ ಇಳಿಯಲು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡವರು ಬೇಕು. ರಾಸಾಯನಿಕ ಸೋರಿದರೆ ಮೈತುಂಬ ರಕ್ಷಣಾ ಉಡುಪು ತೊಟ್ಟವರು. ಕಟ್ಟಡ ಕುಸಿದರೆ ಕಬ್ಬಿಣ ಕತ್ತರಿಸುವ, ಕಾಂಕ್ರೀಟ್ ಎತ್ತುವ, ಸಂದಿಯೊಳಗೆ ಕ್ಯಾಮೆರಾ ಇಳಿಸುವ ತಂಡ. ಒಬ್ಬೊಬ್ಬರ ತರಬೇತಿಯೂ ಬೇರೆ, ಸಾಮಾನೂ ಬೇರೆ. ಮೊದಲಿಗೆ ಯಾರು ಹೊರಡಬೇಕು ಎನ್ನುವುದು 101ಕ್ಕೆ ಕರೆ ಮಾಡಿದವರ ಮಾತಿನ ಮೇಲೆ ನಿಂತಿರುತ್ತದೆ. ‘ಬೆಂಕಿ ಬಿದ್ದಿದೆ, ಬೇಗ ಬನ್ನಿ’ ಎಂದು ಫೋನ್ ಇಟ್ಟುಬಿಟ್ಟರೆ ಗಾಡಿ ಬರುತ್ತದೆ. ಆದರೆ ಬೇಕಾದ ಏಣಿ ಎರಡನೇ ಸುತ್ತಿಗೆ ಬಂದೀತು.

ಯಾವುದರ ಬೆಂಕಿ ಎಂಬ ಮಾತಿನ ತೂಕ ಈ ಊರಿಗೆ ಗೊತ್ತು. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಹೊತ್ತಿಕೊಂಡ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಹತ್ತಿಯ ಮೂಟೆಗಳೂ ಇದ್ದವು, ಸ್ಫೋಟಕಗಳೂ ಇದ್ದವು. ನೀರು ಹಾಯಿಸುತ್ತಿದ್ದಾಗಲೇ ಹಡಗು ಸಿಡಿಯಿತು. 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ದೇಶದಾದ್ಯಂತ ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನವಾದದ್ದು ಅವರ ನೆನಪಿಗೆ. 2015ರ ಮೇ ತಿಂಗಳಲ್ಲಿ ಕಾಲಬಾದೇವಿಯ ಹಳೆಯ ಕಟ್ಟಡವೊಂದು ಉರಿದು ಕುಸಿದಾಗ ಹೋದವರು ನಾಲ್ವರು ಅಧಿಕಾರಿಗಳು. ದಳದ ಮುಖ್ಯಸ್ಥ ಸುನಿಲ್ ನೇಸರೀಕರ್ ಅವರೂ ಅದರಲ್ಲಿ ಒಬ್ಬರು. 2019ರ ಜುಲೈಯಲ್ಲಿ ಬಾಂದ್ರಾದ ಎಂಟಿಎನ್‌ಎಲ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಇದೇ ದಳ 84 ಜನರನ್ನು ಜೀವಂತ ಇಳಿಸಿತು.

‘ಏನಾಗಿದೆ, ಎಲ್ಲಿ, ಎಷ್ಟನೇ ಮಹಡಿ, ಒಳಗೆ ಎಷ್ಟು ಜನ. ಇಷ್ಟು ಹೇಳಿ, ಉಳಿದದ್ದು ನಮ್ಮ ಕೆಲಸ’ ಎಂದರು ಅಧಿಕಾರಿ. ಸುಲಭದ ಪ್ರಶ್ನೆಗಳೇ. ಆದರೆ ನಮ್ಮಂಥ ವಲಸಿಗರಿಗೆ ‘ಎಲ್ಲಿ’ ಎನ್ನುವುದೇ ಕಷ್ಟ. ನಾವು ಲೊಕೇಶನ್ ಕಳಿಸಿ ಬದುಕುವವರು. ಊಟ, ಔಷಧ, ರಿಕ್ಷಾ ಎಲ್ಲವೂ ಮೊಬೈಲಿನ ಚುಕ್ಕಿಯನ್ನು ಹುಡುಕಿಕೊಂಡು ಬರುತ್ತವೆ. ರಸ್ತೆಯ ಹೆಸರು, ಯಾವ ನಾಕಾ, ಯಾವ ಗುಡಿಯ ಹಿಂದೆ ಎಂಬುದನ್ನು ಬಾಯಲ್ಲಿ ಹೇಳುವ ಪ್ರಸಂಗವೇ ಬರುವುದಿಲ್ಲ.

ನಾನು ಕುಳಿತಲ್ಲೇ ಅವ್ವನನ್ನು ನೆನೆದೆ. ಅಪ್ಪ ಹೋದ ಮೇಲೆ ಗದಗಿನ ಮನೆಗೆ ಬೀಗ ಹಾಕಿ ಬಂದವಳು. ಬೆಳಗಿನ ಒಂಬತ್ತರಿಂದ ರಾತ್ರಿ ಎಂಟರವರೆಗೆ ಹದಿನಾಲ್ಕನೇ ಮಹಡಿಯಲ್ಲಿ ಒಬ್ಬಳೇ. ಕನ್ನಡ ಬಿಟ್ಟು ಬೇರೆ ಮಾತು ಬಾರದು. ಅಂದು ಅವಳನ್ನು ರೆಫ್ಯೂಜ್ ಏರಿಯಾಕ್ಕೆ ಕರೆದೊಯ್ದು, ಬೆಂಕಿ ಬಿದ್ದರೆ ಇಲ್ಲಿ ಬಂದು ನಿಲ್ಲಬೇಕು ಎಂದೆ. ‘ಮತ್ತ ಇಲ್ಲಿ ಸೈಕಲ್ಲು, ಹಳೇ ಸೋಫಾ ಯಾಕ ಇಟ್ಟಾರ?’ ಎಂದಳು. ಆಮೇಲೆ, ‘ನಮ್ಮೂರಾಗ ಬೆಂಕಿ ಬಿದ್ರ ಒದರಿದ್ರ ಸಾಕಿತ್ತು, ಓಣಿ ಮಂದಿ ಕೊಡ ಹಿಡ್ಕೊಂಡು ಓಡಿ ಬರ್ತಿದ್ರು. ಇಲ್ಲಿ ಒದರಿದ್ರ ಯಾರಿಗೆ ಕೇಳ್ತೈತಿ?’

ಸೈಕಲ್ಲು, ಸೋಫಾದ ಬಗ್ಗೆ ಸೊಸೈಟಿಗೆ ಪತ್ರ ಬರೆದೆ. ಒದರುವ ಬದಲಿಗೆ ಒಂದು ಚೀಟಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿದೆ. ಮರಾಠಿ ಮಾತು, ಕನ್ನಡ ಅಕ್ಷರ. ಬೆಂಕಿಗೆ ‘ಆಗ್ ಲಾಗಲಿ ಆಹೆ’, ಗ್ಯಾಸ್ ವಾಸನೆಗೆ ಬೇರೆ ಸಾಲು, ಲಿಫ್ಟ್ ನಿಂತರೆ ಇನ್ನೊಂದು. ಕೆಳಗೆ ಕಟ್ಟಡದ ಹೆಸರು, ರಸ್ತೆ, ಹತ್ತಿರದ ಗಣಪತಿ ಗುಡಿ, ‘ಚೌದಾವ್ಯಾ ಮಜಲ್ಯಾವರ್’. ಒಳಗೆ ಎಷ್ಟು ಜನ ಎಂಬ ಪ್ರಶ್ನೆಗೆ ಕೊನೆಯ ಸಾಲು: ‘ಮೀ ಏಕಟೀ ಆಹೆ’.

ರಾತ್ರಿ ಅಡುಗೆ ಮಾಡುತ್ತ ಅವ್ವ ಅದನ್ನು ಬಾಯಿಪಾಠ ಮಾಡಿದಳು. ಕೊನೆಯ ಸಾಲಿಗೆ ಬಂದು ಅರ್ಥ ಕೇಳಿದಳು. ‘ನಾ ಒಬ್ಬಾಕಿನ ಅದೀನಿ ಅಂತ’ ಎಂದೆ. ರೊಟ್ಟಿ ತಿರುವಿ ಹಾಕಿದಳು. ‘ಇದನ್ನ ಹೇಳಾಕ ಬೆಂಕಿನ ಬೀಳಬೇಕೇನು, ತಮ್ಮಾ?’

ಮರುದಿನ ಉಚ್ಚಾರ ಸರಿಯಿದೆಯೋ ನೋಡಲು ಎಂದು ಎದುರು ಮನೆಯ ಮರಾಠಿ ಅಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಆಕೆಯೂ ಹಗಲೆಲ್ಲ ಒಬ್ಬರೇ. ಚೀಟಿ ಓದಿಸಿ, ನಕ್ಕು, ತಮ್ಮ ಫೋನ್ ನಂಬರನ್ನು ಅದರಡಿ ಬರೆದುಕೊಟ್ಟರು, ದೊಡ್ಡ ಅಂಕಿಗಳಲ್ಲಿ, 101ರ ಪಕ್ಕದಲ್ಲೇ.